ನಮ್ಮ ಹೆಸರೇ ಗೊತ್ತಿಲ್ಲದ ಭಯ

2024ರ ಮೇ 20ರ ರಾತ್ರಿ ಘಾಟ್ಕೋಪರ್ ಪೂರ್ವದ ಪಂತ್‌ನಗರ, ಲಕ್ಷ್ಮೀನಗರದ ಕಡೆ ಆಕಾಶದಿಂದ ಫ್ಲೆಮಿಂಗೊ ಹಕ್ಕಿಗಳು ಬಿದ್ದವು. ದುಬೈಯಿಂದ ಬಂದು ಮುಂಬಯಿಯಲ್ಲಿ ಇಳಿಯಲು ಕೆಳಗೆ ಬರುತ್ತಿದ್ದ ವಿಮಾನವೊಂದು ಹಿಂಡಿನೊಳಗೆ ನುಗ್ಗಿಹೋಗಿತ್ತು. 40ರ ಆಸುಪಾಸು ಹಕ್ಕಿಗಳು ಸತ್ತವು. ವಿಮಾನಕ್ಕೆ ಪೆಟ್ಟಾದರೂ ಸುರಕ್ಷಿತವಾಗಿ ಇಳಿಯಿತು. ಮನೆಗಳ ನಡುವಿನ ರಸ್ತೆಯಲ್ಲಿ ಗುಲಾಬಿ ರೆಕ್ಕೆಗಳು, ಮುರಿದ ಉದ್ದನೆಯ ಕಾಲುಗಳು ಬಿದ್ದಿದ್ದ ಚಿತ್ರಗಳನ್ನು ನೋಡಿದವರು ಮರೆತಿರಲಾರರು.

ಆ ಸುದ್ದಿಯನ್ನು ನಾವೆಲ್ಲ ಮನುಷ್ಯರ ಕಡೆಯಿಂದ ಓದಿದೆವು. ಹಕ್ಕಿಯ ಕಡೆಯಿಂದಲೂ ಒಮ್ಮೆ ಓದಿ ನೋಡಬೇಕು. ಥಾಣೆ ಖಾಡಿಯ ಕೆಸರಿಗೆ ವರ್ಷವರ್ಷವೂ ಬರುವ ಹಿಂಡು ಅದು. ಗಾಳಿ, ಉಬ್ಬರವಿಳಿತ, ಬೆಳದಿಂಗಳು, ಹದ್ದು, ಎಲ್ಲದರ ಪರಿಚಯವೂ ಅದಕ್ಕಿದೆ. ಆದರೆ ಆ ರಾತ್ರಿ ಅದರ ಲೋಕದ ಯಾವ ಅನುಭವಕ್ಕೂ ದಕ್ಕದ ಗಾತ್ರದ, ವೇಗದ, ಸದ್ದಿನ ವಸ್ತುವೊಂದು ಕತ್ತಲೊಳಗಿಂದ ಬಂತು, ಹಾದುಹೋಯಿತು. ಅದಕ್ಕೆ ಹಕ್ಕಿಗಳ ಮೇಲೆ ಹಗೆ ಇರಲಿಲ್ಲ, ಹಸಿವೂ ಇರಲಿಲ್ಲ. ಅದರೊಳಗೆ ಕೂತಿದ್ದವರು ಬೆಲ್ಟು ಬಿಗಿದುಕೊಂಡು ಇಳಿಯುವ ಹೊತ್ತಿಗೆ ಕಾಯುತ್ತಿದ್ದರು. ಬದುಕಿ ಉಳಿದ ಹಕ್ಕಿಗಳಿಗೆ ಮಾತು ಬಂದಿದ್ದರೆ ಆ ರಾತ್ರಿಯನ್ನು ಹೇಗೆ ವಿವರಿಸುತ್ತಿದ್ದವು? ಇಂಥದೊಂದು ಕಥೆಯನ್ನು ಮನುಷ್ಯನ ಬಾಯಿಂದ ಹೇಳಿಸುವ ಸಾಹಿತ್ಯ ಪ್ರಕಾರವಿದೆ. ಇಂಗ್ಲಿಷಿನವರು ಕಾಸ್ಮಿಕ್ ಹಾರರ್ ಎನ್ನುತ್ತಾರೆ, ನಾವು ಬ್ರಹ್ಮಾಂಡ ಭಯದ ಕಥೆಗಳು ಎನ್ನೋಣ. ನೂರು ವರ್ಷ ಹಳೆಯ ಆ ಸಣ್ಣಕಥೆಗಳನ್ನು ಓದಿದಷ್ಟೂ ನನಗೆ ಮುಂಬಯಿ ಹೆಚ್ಚು ಅರ್ಥವಾಗಿದೆ. ಕನ್ನಡದ ಓದುಗರಿಗೆ ಅವು ಯಾಕೆ ಬೇಕು ಎಂದು ಹೇಳುವ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೇ ಒಂದು ಗೆರೆ ಎಳೆದುಬಿಡುತ್ತೇನೆ. ಹಕ್ಕಿಗಳು ಬೀಳುವ ಒಂದು ವಾರ ಮೊದಲು, ಮೇ 13ರ ಸಂಜೆ, ಇದೇ ಘಾಟ್ಕೋಪರಿನ ಛೇಡಾನಗರದ ಬಳಿ ಪೆಟ್ರೋಲ್ ಪಂಪಿನ ಮೇಲೆ ದೈತ್ಯ ಹೋರ್ಡಿಂಗ್ ಉರುಳಿ 17 ಜನ ಸತ್ತರು. ಅದು 120 ಅಡಿ ಉದ್ದ, 120 ಅಡಿ ಅಗಲದ ಫಲಕ. ಅವತ್ತು ಧೂಳುಗಾಳಿ ಎದ್ದದ್ದು ನಿಜ. ಆದರೂ ಆ ಸಾವುಗಳನ್ನು ವಿಧಿಯ ಖಾತೆಗೆ, ಆಕಾಶದ ಖಾತೆಗೆ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಅದನ್ನು ನಿಲ್ಲಿಸಿದ ಕೈಗಳಿದ್ದವು, ನೋಡಿಯೂ ನೋಡದ ಕಣ್ಣುಗಳಿದ್ದವು. ನಾನು ಹೇಳಹೊರಟಿರುವ ಕಥೆಗಳಲ್ಲಿ ಅಪರಾಧಿಯೇ ಇರುವುದಿಲ್ಲ. ಅಪರಾಧಿ ಇರುವ ಕಡೆ ಈ ಸಾಹಿತ್ಯದ ಮಾತೆತ್ತಿ ನಿಟ್ಟುಸಿರು ಬಿಡುವುದು ಸತ್ತವರಿಗೆ ಮಾಡುವ ಅನ್ಯಾಯ.

ಈ ಪ್ರಕಾರದ ದೊಡ್ಡ ಹೆಸರು ಎಚ್. ಪಿ. ಲವ್‌ಕ್ರಾಫ್ಟ್. ಅಮೆರಿಕದ ಪ್ರಾವಿಡೆನ್ಸ್ ಊರಿನಲ್ಲಿ 1890ರಲ್ಲಿ ಹುಟ್ಟಿದ. ಬಡತನದಲ್ಲೇ ಬದುಕಿ, ಕರುಳಿನ ಕ್ಯಾನ್ಸರಿನಿಂದ 1937ರಲ್ಲಿ, 46ರ ವಯಸ್ಸಿನಲ್ಲಿ ಅಲ್ಲೇ ತೀರಿಕೊಂಡ. ‘ವಿಯರ್ಡ್ ಟೇಲ್ಸ್’ ಎಂಬ ಅಗ್ಗದ ಕಾಗದದ ಮಾಸಿಕದಲ್ಲಿ ಅವನ ಬಹುಪಾಲು ಕಥೆಗಳು ಅಚ್ಚಾದವು. ಅವನಿಗೆ ಇಷ್ಟೊಂದು ಓದುಗರು ಸಿಕ್ಕಿದ್ದು ಸತ್ತ ಮೇಲೆ. ಅವನ ಬಗ್ಗೆ ನನಗೆ ಮುಖ್ಯವೆನಿಸುವ ಸಂಗತಿ ಬೇರೆ ಇದೆ. ಹುಡುಗನಾಗಿದ್ದಾಗ ಅವನ ಕೈಯಲ್ಲಿ ದೂರದರ್ಶಕವಿತ್ತು. ಹದಿನಾರರ ಹೊತ್ತಿಗೆ ಸ್ಥಳೀಯ ಪತ್ರಿಕೆಗಳಿಗೆ ಖಗೋಳದ ಅಂಕಣ ಬರೆಯುತ್ತಿದ್ದ. ದೆವ್ವದ ಕಥೆ ಬರೆಯುವವರು ಸಾಮಾನ್ಯವಾಗಿ ಅಜ್ಜಿಯ ಬಾಯಿಂದ ಬಂದವರು. ಇವನು ಬಂದದ್ದು ನಕ್ಷತ್ರಪಟದಿಂದ.

ಅವನು ಬರೆಯುತ್ತಿದ್ದ ಕಾಲವನ್ನೂ ನೆನೆಯಬೇಕು. ಆಂಡ್ರೊಮಿಡಾ ನಮ್ಮ ಆಕಾಶಗಂಗೆಯ ಹೊರಗಿರುವ ಇನ್ನೊಂದು ನಕ್ಷತ್ರ ಸಮೂಹ ಎಂಬ ಎಡ್ವಿನ್ ಹಬಲ್‌ನ ನಿರ್ಣಯವನ್ನು ವಿಜ್ಞಾನಿಗಳ ಸಭೆಯಲ್ಲಿ ಓದಿದ್ದು 1925ರ ಜನವರಿ 1ರಂದು. ಅದುವರೆಗೆ ವಿಶ್ವವೆಂದರೆ ಬಹಳ ಜನಕ್ಕೆ ಒಂದೇ ಆಕಾಶಗಂಗೆಯಾಗಿತ್ತು. ಆಮೇಲೆ ಅದು ಲೆಕ್ಕವಿಲ್ಲದ ಗಂಗೆಗಳಲ್ಲಿ ಒಂದಾಯಿತು. ಮರುವರ್ಷ, 1926ರಲ್ಲಿ, ಲವ್‌ಕ್ರಾಫ್ಟ್ ‘ದ ಕಾಲ್ ಆಫ್ ಕ್ಥುಲು’ ಬರೆದ. ಪತ್ರಿಕೆ ಮೊದಲು ಅದನ್ನು ತಿರಸ್ಕರಿಸಿತು, ಆಮೇಲೆ ಒಪ್ಪಿಕೊಂಡು 1928ರ ಫೆಬ್ರುವರಿ ಸಂಚಿಕೆಯಲ್ಲಿ ಹಾಕಿತು. ಸಮುದ್ರದಡಿಯ ನಗರದಲ್ಲಿ ಮಲಗಿರುವ, ಮನುಷ್ಯಕುಲಕ್ಕಿಂತ ಹಳೆಯದಾದ ಜೀವಿಯೊಂದು ಕ್ಷಣಕಾಲ ಎಚ್ಚರಗೊಳ್ಳುವ ಕಥೆ. ಇವತ್ತು ಅದರ ಗೊಂಬೆ, ಟೀಶರ್ಟು, ಆಟ ಎಲ್ಲವೂ ಬಂದು ಭಯ ಸವೆದುಹೋಗಿದೆ. ಓದುವವರು ಅಲ್ಲಿಂದ ಶುರು ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಶುರು ಮಾಡಬೇಕಾದ್ದು 1927ರ ‘ದ ಕಲರ್ ಔಟ್ ಆಫ್ ಸ್ಪೇಸ್’ನಿಂದ. ಅವನು ಬರೆದದ್ದರಲ್ಲೆಲ್ಲ ಶ್ರೇಷ್ಠವಾದದ್ದು ಇದೇ ಎಂದು ನಾನು ನಂಬಿದ್ದೇನೆ.

ಈ ಕಥೆ ಹೇಳುವವನು ಒಬ್ಬ ಸರ್ವೇಯರ್. ನಗರಕ್ಕೆ ನೀರು ಕೊಡಲು ಕಣಿವೆಯೊಂದನ್ನು ಮುಳುಗಿಸಿ ಜಲಾಶಯ ಕಟ್ಟಲಿದ್ದಾರೆ, ಅದಕ್ಕೆ ಅಳತೆ ಮಾಡಲು ಬಂದಿದ್ದಾನೆ. ಕಣಿವೆಯ ನಡುವೆ ಐದು ಎಕರೆಯಷ್ಟು ನೆಲ ಬೂದಿಬಣ್ಣಕ್ಕೆ ತಿರುಗಿ ಸತ್ತು ಬಿದ್ದಿದೆ. ಏನಾಯಿತೆಂದು ಅಲ್ಲಿಯ ಮುದುಕನೊಬ್ಬ ಹೇಳುತ್ತಾನೆ. 1882ರಲ್ಲಿ ನೇಹಮ್ ಗಾರ್ಡ್‌ನರ್ ಎಂಬ ರೈತನ ಬಾವಿಯ ಪಕ್ಕ ಉಲ್ಕೆ ಬಿತ್ತು. ಪ್ರಾಧ್ಯಾಪಕರು ಬಂದು ಚೂರು ಒಯ್ದು ಪರೀಕ್ಷಿಸಿದರು. ಚೂರು ದಿನದಿನಕ್ಕೆ ಕುಗ್ಗುತ್ತ ಇಲ್ಲವಾಯಿತು. ಅದರೊಳಗೆ ಕಂಡ ಬಣ್ಣ ನಮಗೆ ಗೊತ್ತಿರುವ ಯಾವ ಬಣ್ಣಕ್ಕೂ ಸೇರಿದ್ದಲ್ಲ. ಆ ವರ್ಷ ಫಸಲು ಭರ್ಜರಿಯಾಗಿ ಬಂತು. ಹಣ್ಣುಗಳು ಹಿಂದೆಂದೂ ಕಾಣದಷ್ಟು ದೊಡ್ಡವು, ಕಚ್ಚಿದರೆ ಕಹಿ. ಆಮೇಲೆ ಗಿಡ, ದನಕರು, ಮನೆಯ ಹೆಂಗಸು, ಮಕ್ಕಳು ಒಬ್ಬೊಬ್ಬರಾಗಿ ಬೂದಿಯಾಗುತ್ತ ಹೋದರು. ಎದುರಾಳಿ ಎನ್ನಲು ಒಂದು ಆಕಾರವೂ ಇಲ್ಲ. ಇರುವುದೊಂದು ಬಣ್ಣ ಮಾತ್ರ. ಅದಕ್ಕೆ ಆ ಸಂಸಾರದ ಮೇಲೆ ದ್ವೇಷವಿದೆಯೇ, ಅದಕ್ಕೆ ಜೀವವಿದೆಯೇ, ಕೊನೆಗೂ ತಿಳಿಯುವುದಿಲ್ಲ. ಓದುವವರ ಎದೆ ಒಡೆಯುವುದು ಒಂದು ವಿವರದಲ್ಲಿ: ಎಲ್ಲ ಕಣ್ಣೆದುರೇ ಹಾಳಾಗುತ್ತಿದ್ದರೂ ನೇಹಮ್ ಮನೆ ಬಿಡುವುದಿಲ್ಲ. ಅದೇ ಬಾವಿಯ ನೀರು ಕುಡಿಯುತ್ತ ಅಲ್ಲೇ ಇರುತ್ತಾನೆ. ಭೂಮಿ ನಂಬಿದವನ ಹಟವೋ, ಬಾವಿಯಲ್ಲಿ ಕೂತದ್ದರ ಹಿಡಿತವೋ, ಯಾವುದೆಂದು ಹೇಳದೆ ಲೇಖಕ ಮುಂದೆ ಸಾಗುತ್ತಾನೆ. ಸರ್ವೇಯರ್ ಮಾತ್ರ ಆ ಜಲಾಶಯದ ನೀರನ್ನು ತಾನೆಂದೂ ಕುಡಿಯುವುದಿಲ್ಲ ಎಂದು ನಿರ್ಧರಿಸುತ್ತಾನೆ.

ಜಲಾಶಯವೆಂದರೆ ಏನೆಂದು ಕನ್ನಡಿಗರಿಗೆ ಹೇಳಿಕೊಡಬೇಕಿಲ್ಲ. ಶರಾವತಿಯ ಮುಳುಗಡೆಯನ್ನು ನಾ. ಡಿಸೋಜರ ಕಾದಂಬರಿಗಳಲ್ಲಿ ಓದಿ ಬೆಳೆದವರು ನಾವು. ಮುಂಬಯಿಗೆ ಬಂದ ಮೇಲೆ ನಾವು ಕುಡಿಯುತ್ತಿರುವುದು ತಾನ್ಸಾ, ವೈತರಣಾ, ಭಾತ್ಸಾ ಕಣಿವೆಗಳ ನೀರು. ಆ ಕಣಿವೆಗಳಲ್ಲೂ ಬಾವಿಗಳಿದ್ದವು, ಮನೆಗಳಿದ್ದವು. ಲವ್‌ಕ್ರಾಫ್ಟ್ ತನ್ನ ಕಥೆಯ ಹೊರಚೌಕಟ್ಟಿಗೆ ನಗರದ ನೀರನ್ನೇ ಆರಿಸಿಕೊಂಡದ್ದು ಕಥೆಗಾರನ ಜಾಣ್ಮೆ. ದೂರದ ಹಳ್ಳಿಯ ದುರಂತ ಕೊಳಾಯಿಯ ಮೂಲಕ ಓದುಗನ ಅಡುಗೆಮನೆಯವರೆಗೆ ಬರುತ್ತದೆ.

ಕಾಸರಗೋಡಿನ ಗಡಿಯ ಕನ್ನಡಿಗರಿಗೆ ಈ ಕಥೆ ಇನ್ನೂ ಹತ್ತಿರದಿಂದ ತಟ್ಟೀತು. ಎಣ್ಮಕಜೆ, ಪಡ್ರೆಯ ಗುಡ್ಡಗಳ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಮೊದಲು ಅಂಗವಿಕಲ ಕರುಗಳು ಹುಟ್ಟಿದವು. ಅದನ್ನು ಗಮನಿಸಿ ಆಗಲೇ ಬರೆದವರು ಪತ್ರಕರ್ತ ಶ್ರೀಪಡ್ರೆ. ಆಮೇಲೆ ಮನುಷ್ಯರ ಮಕ್ಕಳ ಸರದಿ. ಮೇಲಿನಿಂದ ಬಿದ್ದದ್ದು, ತೋಡಿನ ನೀರಿಗೆ ಇಳಿದದ್ದು, ಬಣ್ಣ ವಾಸನೆಗಳಲ್ಲಿ ಗುರುತು ಸಿಗದೆ ಒಳಹೊಕ್ಕದ್ದು: ಕಥೆಯ ಹಂತಗಳೆಲ್ಲ ಅಲ್ಲಿವೆ. ಆದರೆ ಅಲ್ಲಿಯೂ ನಾನು ಮೊದಲು ಎಳೆದ ಗೆರೆಯನ್ನೇ ಎಳೆಯಬೇಕು. ಎಂಡೋಸಲ್ಫಾನ್ ನಕ್ಷತ್ರಲೋಕದಿಂದ ಬಿದ್ದದ್ದಲ್ಲ, ಆದೇಶದ ಮೇಲೆ ಬಿದ್ದದ್ದು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ಆ ಕೇಡು ಮನೆಯೊಳಗೆ ಕೂತವರಿಗೆ ಹೇಗನಿಸುತ್ತದೆ ಎಂಬುದನ್ನು ಲವ್‌ಕ್ರಾಫ್ಟನ ಕಥೆ ತೋರಿಸಬಲ್ಲದು. ಯಾರು ಹೊಣೆ ಎಂದು ಕೇಳಲು ಶ್ರೀಪಡ್ರೆಯವರಂಥವರೇ ಬೇಕು.

ಲವ್‌ಕ್ರಾಫ್ಟ್ ತನ್ನ ಗುರುಗಳಲ್ಲಿ ಒಬ್ಬನೆಂದು ಗೌರವಿಸಿದ್ದು ಇಂಗ್ಲೆಂಡಿನ ಆಲ್ಜರ್ನನ್ ಬ್ಲ್ಯಾಕ್‌ವುಡ್‌ನನ್ನು. ಅವನ ‘ದ ವಿಲೋಸ್’ ಬಂದದ್ದು 1907ರಲ್ಲಿ. ಇಬ್ಬರು ಗೆಳೆಯರು ಪುಟ್ಟ ದೋಣಿಯಲ್ಲಿ ಡಾನ್ಯೂಬ್ ನದಿಯಲ್ಲಿ ಹೊರಟಿದ್ದಾರೆ. ವಿಯೆನ್ನಾ ದಾಟಿ, ಬುಡಾಪೆಸ್ಟಿಗೆ ಮುನ್ನ, ನದಿ ನೂರಾರು ಕವಲಾಗಿ ಹರಡುವ ಜೌಗು ನೆಲದಲ್ಲಿ ಮರಳಿನ ದಿಬ್ಬವೊಂದರ ಮೇಲೆ ರಾತ್ರಿ ತಂಗುತ್ತಾರೆ. ಸುತ್ತಲೂ ವಿಲೋ ಪೊದೆಗಳು. ನೆರೆ ಏರುತ್ತಿದೆ, ದಿಬ್ಬ ಕರಗುತ್ತಿದೆ. ಗಂಟೆಯ ಮೊಳಗಿನಂಥ ಸದ್ದೊಂದು ಎತ್ತಲಿಂದಲೋ ಕೇಳುತ್ತದೆ. ಮರಳಿನಲ್ಲಿ ಕೊಳವೆಯಾಕಾರದ ಗುಳಿಗಳು ಮೂಡುತ್ತವೆ. ಹುಟ್ಟು ಕಾಣೆಯಾಗುತ್ತದೆ. ಪೊದೆಗಳು ರಾತ್ರಿಗಿಂತ ಬೆಳಿಗ್ಗೆ ಹತ್ತಿರ ಬಂದಂತಿವೆ. ಇಬ್ಬರಲ್ಲಿ ಒಬ್ಬ, ಕಲ್ಪನಾಶಕ್ತಿಯೇ ಇಲ್ಲದವನೆಂದು ಹೆಸರಾದ ಸ್ವೀಡನ್ನಿನವನು, ಭಯದಲ್ಲಿ ಒಂದು ಮಾತು ಹೇಳುತ್ತಾನೆ: ಇಲ್ಲಿರುವವುಗಳಿಗೂ ಮನುಷ್ಯರಿಗೂ ಯಾವ ಸಂಬಂಧವೂ ಇಲ್ಲ, ನಾವು ಅವುಗಳ ಬಗ್ಗೆ ಯೋಚಿಸದೆ ಇದ್ದರೆ ಮಾತ್ರ ಅವುಗಳ ಕಣ್ಣಿಗೆ ಬೀಳದೆ ಉಳಿದೇವು.

ಈ ಕಥೆಯನ್ನು ಓದಿದವರು ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯ ಪೂರ್ವಕ್ಕೆ ಕಣ್ಣು ಹಾಯಿಸಿದರೆ ಅರ್ಧ ಕೆಲಸ ಮುಗಿಯಿತು. ಘಾಟ್ಕೋಪರಿನ ಮನೆ, ಮಂದಿರ, ಮೆಟ್ರೋ, ಫರ್ಸಾಣದ ಅಂಗಡಿ ಎಲ್ಲ ಹೆದ್ದಾರಿಯ ಈಚೆಗೆ ಮುಗಿಯುತ್ತವೆ. ಆಚೆಗೆ ಉಪ್ಪಿನ ಗದ್ದೆಗಳು, ಕಾಂಡ್ಲಾ ಗಿಡಗಳ ದಟ್ಟಣೆ, ಕೆಸರು, ಆಮೇಲೆ ಖಾಡಿ. 2018ರಲ್ಲಿ ಆ ಖಾಡಿಯ ಒಂದು ಭಾಗವನ್ನು ಫ್ಲೆಮಿಂಗೊ ಅಭಯಾರಣ್ಯವೆಂದು ಸಾರಿದರು, 2022ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ದಿನಕ್ಕೆರಡು ಸಲ ನೀರು ಏರಿ ಇಳಿಯುವ ಆ ನೆಲದಲ್ಲಿ ನಿಂತಾಗ, ಬೆನ್ನ ಹಿಂದೆ ಕೋಟಿಗಟ್ಟಲೆ ಜನವಿದ್ದಾರೆ ಎಂಬುದು ನಂಬಲಾಗದ ಮಾತಾಗುತ್ತದೆ. ಕಾಂಡ್ಲಾದ ಉಸಿರುಬೇರುಗಳು ಕೆಸರಿನಿಂದ ಬೆರಳುಗಳ ಹಾಗೆ ಮೇಲೆದ್ದಿರುತ್ತವೆ. ಅಲ್ಲಿಯ ಏಡಿಗೂ ಹಕ್ಕಿಗೂ ಬೇರಿಗೂ ನಾವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬ್ಲ್ಯಾಕ್‌ವುಡ್ ಹಿಡಿದದ್ದು ಈ ಭಾವವನ್ನು. ಅವನ ಕಥೆಯಲ್ಲಿ ರಾಕ್ಷಸ ಎದುರಿಗೆ ಬಂದು ನಿಲ್ಲದೆ ಇರುವುದಕ್ಕೆ ಕಾರಣವೂ ಇದೇ. ಎದುರಿಗೆ ಬಂದು ನಿಂತರೆ ಅದಕ್ಕೆ ನಮ್ಮೊಂದಿಗೆ ವ್ಯವಹಾರವಿದೆ ಎಂದಾಗುತ್ತದೆ.

ವ್ಯವಹಾರ ಎಂಬುದೇ ನಮ್ಮ ಕಡೆಯ ಭಯದ ಜೀವಾಳ. ಅಸಲ್ಫಾದ ಗುಡ್ಡದಲ್ಲಿ, ಪಂತ್‌ನಗರದಲ್ಲಿ, ಭಟ್ವಾಡಿಯಲ್ಲಿ ನೆಲೆಸಿದ ತುಳುನಾಡಿನವರು ಊರಿನ ದೈವದ ಭಯವನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದವರು. ಅಸಲ್ಫಾದ ಗೀತಾಂಬಿಕಾ ಮಂಡಳಿಯ ಯಕ್ಷಗಾನಕ್ಕೆ ಸೇರುವ ಜನ ಊರಿನ ನೇಮಕ್ಕೂ ರಜೆ ಹಾಕಿ ಹೋಗುತ್ತಾರೆ, ಹೋಗಲಾಗದಿದ್ದರೆ ಹಣ ಕಳಿಸುತ್ತಾರೆ. ಪಂಜುರ್ಲಿಗೋ ಗುಳಿಗನಿಗೋ ಹೆದರುವುದೆಂದರೆ ಏನು? ಆ ದೈವಕ್ಕೆ ನಮ್ಮ ಮನೆತನ ಗೊತ್ತು, ಗಡಿ ಗೊತ್ತು, ಅಜ್ಜ ಹೊತ್ತ ಹರಕೆ ಗೊತ್ತು. ಕೋಲದ ದಿನ ಅದು ಮಾತಾಡುತ್ತದೆ, ಕೇಳುತ್ತದೆ, ಬಯ್ಯುತ್ತದೆ, ಕೊನೆಗೆ ಅಭಯ ಕೊಡುತ್ತದೆ. ಬಾಕಿ ಇದ್ದರೆ ಕೇಡು, ತೀರಿಸಿದರೆ ಕ್ಷೇಮ. ‘ಕಾಂತಾರ’ ಚಿತ್ರ 2022ರಲ್ಲಿ ದೇಶಕ್ಕೆಲ್ಲ ತೋರಿಸಿದ್ದು ಈ ಬಾಕಿಯ ಕಥೆಯನ್ನೇ. ಈ ಭಯದಲ್ಲಿ ನಾವು ಒಂಟಿಯಲ್ಲ. ನಮ್ಮ ಹೆಸರು ಹಿಡಿದು ಕರೆಯುವ ಭಯ ಅದು.

ಲವ್‌ಕ್ರಾಫ್ಟನ ಲೋಕದಲ್ಲಿ ಬಾಕಿಯೂ ಇಲ್ಲ, ಹರಕೆಯೂ ಇಲ್ಲ. ಆ ಲೋಕ ನಮ್ಮ ನೆಲಕ್ಕೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಮುಂಬಯಿಯ ಚಿತ್ರರಂಗದಲ್ಲೇ ಒಂದು ಉದಾಹರಣೆಯಿದೆ. ಅದರ ವಂಶಾವಳಿ ಹೇಳಲೇಬೇಕು. ಆಂಬ್ರೋಸ್ ಬಿಯರ್ಸ್ 1891ರ ಒಂದು ಕಥೆಯಲ್ಲಿ ಕುರಿಗಾಹಿಗಳ ಸೌಮ್ಯ ದೇವರಿಗೆ ಹಾಸ್ಟರ್ ಎಂದು ಹೆಸರಿಟ್ಟ. 1895ರಲ್ಲಿ ‘ದ ಕಿಂಗ್ ಇನ್ ಯೆಲ್ಲೋ’ ಸಂಕಲನದಲ್ಲಿ ರಾಬರ್ಟ್ ಚೇಂಬರ್ಸ್ ಆ ಹೆಸರನ್ನು ಎರವಲು ಪಡೆದು ಅದಕ್ಕೆ ನಂಜು ತುಂಬಿದ. 1931ರಲ್ಲಿ ಲವ್‌ಕ್ರಾಫ್ಟ್ ತನ್ನ ಕಥೆಯೊಂದರಲ್ಲಿ ಅದನ್ನು ಉಚ್ಚರಿಸಿದ. 1984ರಲ್ಲಿ ಸ್ಟೀಫನ್ ಕಿಂಗ್‌ನ ‘ಗ್ರ್ಯಾಮಾ’ ಕಥೆಯ ಮುದುಕಿಯ ಮಂತ್ರದಲ್ಲಿ ಅದೇ ಹೆಸರು ಬಂತು. ಮರಾಠಿಯ ಭಯಕಥೆಗಳ ಒಡೆಯ ನಾರಾಯಣ ಧಾರಪ್ ಆ ಕಥೆಯನ್ನು ‘ಆಜಿ’ಯಾಗಿಸಿ ಮರಾಠಿಗೆ ತಂದರು. ಎಳೆಯ ವಯಸ್ಸಿನಲ್ಲಿ ಗೆಳೆಯನ ಬಾಯಲ್ಲಿ ಧಾರಪರ ಕಥೆ ಕೇಳಿ ನಡುಗಿದ ರಾಹಿ ಅನಿಲ್ ಬರ್ವೆ ದೊಡ್ಡವರಾದ ಮೇಲೆ ‘ತುಂಬಾಡ್’ ಚಿತ್ರ ಮಾಡಿದರು. ಅದರ ದೇವರ ಹೆಸರು ಹಸ್ತರ್.

2018ರ ಅಕ್ಟೋಬರಿನಲ್ಲಿ ತೆರೆಕಂಡ ‘ತುಂಬಾಡ್’ ಆಗ ಹೆಚ್ಚು ಓಡಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಮತ್ತೆ ಬಿಡುಗಡೆಯಾದಾಗ ಮೊದಲ ಸಲಕ್ಕಿಂತ ಹೆಚ್ಚು ಗಳಿಸಿತು. ಕೊಂಕಣದ ನಿಲ್ಲದ ಮಳೆ, ಪಾಳುಬಿದ್ದ ವಾಡೆ, ನೆಲದಡಿಯಲ್ಲಿ ಗರ್ಭದಂತೆ ಮಿಡಿಯುವ ಗುಹೆ, ಎಲ್ಲವೂ ಅದ್ಭುತ. ಆದರೆ ಕಥೆಯನ್ನು ನೋಡಿ: ಹಸ್ತರ್ ಸಮೃದ್ಧಿ ದೇವಿಯ ಮೊದಲ ಮಗ, ಬಂಗಾರದ ಜೊತೆಗೆ ಧಾನ್ಯಕ್ಕೂ ಆಸೆಪಟ್ಟು ಶಾಪಗ್ರಸ್ತನಾದವನು. ಅವನ ಲಂಗೋಟಿಗೆ ಕೈಹಾಕುವ ಮನುಷ್ಯ ತನ್ನ ದುರಾಸೆಗೆ ತಕ್ಕದ್ದನ್ನು ಉಣ್ಣುತ್ತಾನೆ. ಅಮೆರಿಕದಿಂದ ನೂರು ಚಿಲ್ಲರೆ ವರ್ಷ ಪಯಣಿಸಿ ಕೊಂಕಣ ತಲುಪಿದ ಹಾಸ್ಟರ್‌ಗೆ ಇಲ್ಲಿ ತಾಯಿ ಸಿಕ್ಕಳು, ಹಸಿವು ಸಿಕ್ಕಿತು, ಪಾಪಪುಣ್ಯದ ಲೆಕ್ಕ ಸಿಕ್ಕಿತು. ಅವನು ದೈವವಾದ. ಇದನ್ನು ನಾನು ಚಿತ್ರದ ಸೋಲೆನ್ನುವುದಿಲ್ಲ. ಈ ಮಣ್ಣು ಲೆಕ್ಕವಿಲ್ಲದ ದೇವರನ್ನು ಒಪ್ಪಿಕೊಳ್ಳಲು ಎಷ್ಟು ಹಿಂಜರಿಯುತ್ತದೆ ಎಂಬುದು ಇಲ್ಲಿ ಕಾಣುತ್ತದೆ.

ಹಾಗೆಂದು ನಮ್ಮ ಪರಂಪರೆಗೆ ಆ ಅನುಭವವೇ ಹೊಸದು ಎನ್ನಲಾಗದು. ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಅರ್ಜುನ ತಾನೇ ಕೇಳಿ ಪಡೆದ ವಿಶ್ವರೂಪವನ್ನು ತಾಳಲಾರದೆ ಹೋಗುತ್ತಾನೆ. ದಿಕ್ಕು ತಪ್ಪುತ್ತದೆ, ನೆಮ್ಮದಿ ಹಾರಿಹೋಗುತ್ತದೆ. ಗೆಳೆಯ ಎಂದುಕೊಂಡು ಊಟದಲ್ಲಿ, ಆಟದಲ್ಲಿ ಸಲಿಗೆಯಿಂದ ನಡೆದುಕೊಂಡದ್ದಕ್ಕೆಲ್ಲ ಕ್ಷಮೆ ಕೇಳುತ್ತಾನೆ. ವನಪರ್ವದ ಮಾರ್ಕಂಡೇಯನ ಕಥೆ ಇದಕ್ಕಿಂತ ಮುಂದೆ ಹೋಗುತ್ತದೆ. ಪ್ರಳಯದ ಏಕಾರ್ಣವದಲ್ಲಿ ಒಬ್ಬನೇ ಈಜುತ್ತಿರುವ ಮುನಿಗೆ ಆಲದ ಕೊಂಬೆಯ ಮೇಲೆ ಮಗುವೊಂದು ಕಾಣುತ್ತದೆ. ಮಗು ಬಾಯಿ ತೆರೆಯುತ್ತದೆ, ಮುನಿ ಒಳಗೆ ಸೆಳೆಯಲ್ಪಡುತ್ತಾನೆ. ಅಲ್ಲಿ ನದಿ, ಪರ್ವತ, ಊರು, ಜನ, ಎಲ್ಲವೂ ಇದ್ದ ಹಾಗೇ ಇದೆ. ವರ್ಷಗಟ್ಟಲೆ ಅಲೆದರೂ ಆ ದೇಹಕ್ಕೆ ಕೊನೆಯಿಲ್ಲ. ಆಮೇಲೆ ಮತ್ತೆ ಅದೇ ಕಪ್ಪುನೀರು. ತಾನು ಇದುವರೆಗೆ ಬದುಕಿದ್ದು ಯಾವುದರ ಒಳಗೆ ಎಂಬ ಪ್ರಶ್ನೆ ಎದ್ದ ಆ ಗಳಿಗೆಯಲ್ಲಿ ಮಾರ್ಕಂಡೇಯ ಅನುಭವಿಸಿದ್ದನ್ನು ಲವ್‌ಕ್ರಾಫ್ಟ್ ಜೀವಮಾನವೆಲ್ಲ ಬರೆಯಲು ಹೆಣಗಿದ. ಆದರೆ ಎರಡೂ ಕಡೆ ಕೊನೆಗೆ ಕರುಣೆ ಇಳಿದು ಬರುತ್ತದೆ. ಕೃಷ್ಣ ಮತ್ತೆ ಕೃಷ್ಣನಾಗುತ್ತಾನೆ, ಮಗು ತಾನು ನಾರಾಯಣನೆಂದು ಹೇಳಿ ಮುನಿಯನ್ನು ಸಂತೈಸುತ್ತದೆ. ಕನ್ನಡದಲ್ಲಿ ಆ ಸಂತೈಕೆಯನ್ನೂ ಬೇಡವೆಂದವನು ಅಲ್ಲಮ. ಬಯಲನ್ನು ಬಯಲಾಗಿಯೇ ನೋಡಿ, ನಡುಗದೆ, ಅದರೊಳಗೆ ನಡೆದುಹೋದವನು. ಲವ್‌ಕ್ರಾಫ್ಟನ ನಾಯಕರು ಹುಚ್ಚರಾಗುವ ತಾಣದಲ್ಲಿ ಅಲ್ಲಮ ಬಿಡುಗಡೆ ಹೊಂದುತ್ತಾನೆ ಎಂಬ ಯೋಚನೆ ನನ್ನನ್ನು ಬಹಳ ಕಾಲದಿಂದ ಹಿಡಿದಿಟ್ಟಿದೆ.

ಯಾಕೆಂದರೆ ಲವ್‌ಕ್ರಾಫ್ಟನ ಭಯದಲ್ಲಿ ಒಂದು ಕೊಳೆತ ಭಾಗವೂ ಇದೆ, ಅದನ್ನು ಮುಚ್ಚಿಡಬಾರದು. 1924ರಿಂದ 26ರವರೆಗೆ ಅವನು ನ್ಯೂಯಾರ್ಕಿನಲ್ಲಿದ್ದ. ಬಂದರು ನಗರದ ಓಣಿಗಳಲ್ಲಿ ಹತ್ತಾರು ಭಾಷೆಯ ವಲಸಿಗರನ್ನು ಕಂಡು ಹೇಸಿದ. 1927ರಲ್ಲಿ ಅಚ್ಚಾದ ‘ದ ಹಾರರ್ ಅಟ್ ರೆಡ್ ಹುಕ್’ ಕಥೆಯ ತುಂಬ ಆ ಹೇಸಿಗೆಯೇ ಇದೆ. ಬೇರೆ ಮೈಬಣ್ಣದವರು, ಬೇರೆ ನುಡಿಯವರು, ಇಕ್ಕಟ್ಟಿನ ಮನೆಗಳವರು ಅವನಿಗೆ ಪಿಶಾಚಿಗಳ ಸೇವಕರಾಗಿ ಕಂಡರು. ಆ ವರ್ಣನೆ ಓದುವಾಗ ಘಾಟ್ಕೋಪರಿನ ಯಾವ ಕನ್ನಡಿಗನಿಗೂ ಅನಿಸಬೇಕು: ಇವನು ಬಯ್ಯುತ್ತಿರುವುದು ನಮ್ಮನ್ನು. ಉಡುಪಿ, ಕುಂದಾಪುರ, ಉತ್ತರ ಕನ್ನಡಗಳಿಂದ ಬಂದು ಹೊಟೇಲಿನ ಅಟ್ಟದ ಮೇಲೆ ಮಲಗಿ, ರಾತ್ರಿಶಾಲೆಯಲ್ಲಿ ಓದಿ, ಇನ್ನೊಂದು ಬಂದರು ನಗರದಲ್ಲಿ ಕಾಲೂರಿದ ನಮ್ಮ ಹಿರಿಯರನ್ನು. 2016ರಲ್ಲಿ ಕರಿಯ ಅಮೆರಿಕನ್ ಲೇಖಕ ವಿಕ್ಟರ್ ಲವಾಲ್ ‘ದ ಬ್ಯಾಲಡ್ ಆಫ್ ಬ್ಲ್ಯಾಕ್ ಟಾಮ್’ ಬರೆದು ಅದೇ ಕಥೆಯನ್ನು ಓಣಿಯವರ ಕಡೆಯಿಂದ ಹೇಳಿದರು. ವಿಶ್ವದ ಅಸಡ್ಡೆಗೆ ಬಿಳಿಯ ಪಂಡಿತ ಬೆಚ್ಚಿಬೀಳುತ್ತಾನೆ, ಮೊದಲೇ ಅಸಡ್ಡೆಯಲ್ಲಿ ಬದುಕಿದವನಿಗೆ ಅದರಲ್ಲಿ ಹೊಸದೇನಿದೆ ಎಂಬ ಪ್ರಶ್ನೆ ಆ ಪುಸ್ತಕದಲ್ಲಿದೆ.

ನನ್ನ ಮಟ್ಟಿಗೆ ಈ ಕಥೆಗಳ ಆಕರ್ಷಣೆಯ ಗುಟ್ಟು ಆ ಪ್ರಶ್ನೆಯಲ್ಲೇ ಇದೆ. ಊರು ಬಿಟ್ಟು ಮುಂಬಯಿಗೆ ಬಂದವರು ಮೊದಲ ರಾತ್ರಿಯೇ ಕಲಿಯುವ ಪಾಠವೊಂದಿದೆ: ಈ ನಗರಕ್ಕೆ ನಾನು ಬಂದದ್ದು ಗೊತ್ತಿಲ್ಲ. ಊರಿನಲ್ಲಿ ಇಂಥವರ ಮಗ, ಇಂಥ ಮನೆಯವನು ಎನ್ನಿಸಿಕೊಂಡವನು ಇಲ್ಲಿ ಎಲ್ಲರ ಬಾಯಲ್ಲಿ ಬರಿಯ ‘ಅಣ್ಣಾ’. ಘಾಟ್ಕೋಪರ್ ನಿಲ್ದಾಣದಲ್ಲಿ ಮೆಟ್ರೋ ಮೆಟ್ಟಿಲಿನಿಂದ ಸೆಂಟ್ರಲ್ ಲೈನಿನ ಪ್ಲಾಟ್‌ಫಾರ್ಮಿಗೆ ಸಂಜೆ ಇಳಿಯುವ ಜನಸಾಗರದಲ್ಲಿ ಯಾರ ಕಣ್ಣೂ ಯಾರನ್ನೂ ಗುರುತಿಸುವುದಿಲ್ಲ. ಅದು ಎದೆ ನಡುಗಿಸುವ ಸಂಗತಿ. ಆದರೆ ಎಷ್ಟೋ ಜನಕ್ಕೆ ಅದೇ ಮೊದಲ ಸ್ವಾತಂತ್ರ್ಯವೂ ಆಗಿತ್ತು. ಊರಿನ ಬಾವಿಗೆ ಇಳಿಯಲು ಬಿಡದ ಜಾತಿ, ಬೆನ್ನಟ್ಟಿ ಬರುವ ಸಾಲದ ಮಾತು, ವಿಧವೆಯನ್ನು ಅಳೆಯುವ ಕಣ್ಣು, ಇವುಗಳಿಂದ ಬಿಡಿಸಿಕೊಂಡವರಿಗೆ ತಮ್ಮ ಹೆಸರು ಗೊತ್ತಿಲ್ಲದ ನಗರ ಒಂದು ವರ. ಬ್ರಹ್ಮಾಂಡ ಭಯದ ಒಳ್ಳೆಯ ಕಥೆ ಆ ನಡುಕವನ್ನೂ ಈ ಹಗುರವನ್ನೂ ಒಂದೇ ಓದಿನಲ್ಲಿ ಕೊಡುತ್ತದೆ. ನೀನು ಯಾರೂ ಅಲ್ಲ ಎಂದು ಹೆದರಿಸುತ್ತದೆ, ನೀನು ಯಾರೂ ಆಗಿರಬೇಕಿಲ್ಲ ಎಂದು ಕಟ್ಟು ಸಡಿಲಿಸುತ್ತದೆ. ಘಾಟ್ಕೋಪರಿನಿಂದ ಸಿಎಸ್‌ಎಂಟಿಗೆ ಹೋಗಿಬರುವ ಹೊತ್ತಿನಲ್ಲಿ ಓದಿ ಮುಗಿಸಬಹುದಾದ ಸಣ್ಣಕಥೆಯೇ ಇದಕ್ಕೆ ಸರಿಯಾದ ಅಳತೆ. ಇದೇ ಭಾವವನ್ನು ನಾನೂರು ಪುಟ ಎಳೆದರೆ ಭಯ ಅಭ್ಯಾಸವಾಗಿಬಿಡುತ್ತದೆ.

ಕನ್ನಡದಲ್ಲಿ ಈ ನಡುಕದ ಹತ್ತಿರಕ್ಕೆ ಬಂದವರು ಯಶವಂತ ಚಿತ್ತಾಲರು. ಸಾಣಿಕಟ್ಟಾದ ಉಪ್ಪಿನಾಗರದ ನೆರೆಯ ಹನೇಹಳ್ಳಿಯವರು, ಬಾಂದ್ರಾದಲ್ಲಿ ಕಡಲಿಗೆ ಎದುರಾಗಿ ಬದುಕಿದವರು. 1979ರ ‘ಶಿಕಾರಿ’ಯ ನಾಗಪ್ಪ ಯಾವ ತಪ್ಪಿಗೆಂದು ತಿಳಿಯದೆ ಬೇಟೆಗೆ ಸಿಕ್ಕಿದವನು. ಅವನನ್ನು ಬೆನ್ನಟ್ಟುವವರು ಮನುಷ್ಯರೇ. ಆದರೂ ಕಂಪನಿ ಎಂಬ ಆ ಮುಖವಿಲ್ಲದ ಗಾತ್ರದೆದುರು ಅವನ ಒಂಟಿತನ ಬರಿಯ ಸಾಮಾಜಿಕ ವಾಸ್ತವವಾಗಿ ಉಳಿಯುವುದಿಲ್ಲ. ಮರುವರ್ಷ ಬಂದ ತೇಜಸ್ವಿಯವರ ‘ಕರ್ವಾಲೊ’ ಅದೇ ಅಗಾಧವನ್ನು ಇನ್ನೊಂದು ಬಾಗಿಲಿನಿಂದ ಹೊಕ್ಕಿತು. ಕೋಟ್ಯಂತರ ವರ್ಷಗಳ ಕಾಲವನ್ನು ಮೈಯಲ್ಲಿ ಹೊತ್ತ ಹಾರುವ ಓತಿಯೊಂದು ಕೊನೆಗೆ ಕೈಗೆ ಸಿಗದೆ ಪ್ರಪಾತದ ಮೇಲೆ ತೇಲಿಹೋಗುವಾಗ ಹೆದರಿಕೆ ಹುಟ್ಟುವುದಿಲ್ಲ, ಎದೆ ತುಂಬಿ ಬರುತ್ತದೆ. ಲವ್‌ಕ್ರಾಫ್ಟ್ ಬೆಚ್ಚಿದ ಕಾಲದ ಆಳವನ್ನು ಕಂಡು ಆ ಕಾದಂಬರಿಯ ಮಂದಣ್ಣ ಕುತೂಹಲದಿಂದ ಕತ್ತು ಚಾಚುತ್ತಾನೆ.

ಆ ಕುತೂಹಲದ ಇನ್ನೊಂದು ರೂಪ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯದು. ನಂಜನಗೂಡಿನ ಬಿ. ವಿ. ಶ್ರೀಕಂಠನ್ 1951ರಲ್ಲಿ ಹೋಮಿ ಭಾಭಾ ಅವರ ಸೂಚನೆಯಂತೆ ಉಪಕರಣ ಹೊತ್ತು ಕೋಲಾರದ ಚಿನ್ನದ ಗಣಿಗೆ ಇಳಿದರು. ಅಂತರಿಕ್ಷದಿಂದ ಬರುವ ಕಿರಣಗಳು ನೆಲದೊಳಗೆ ಎಷ್ಟು ಆಳದವರೆಗೆ ತಲುಪುತ್ತವೆ ಎಂದು ಅಳೆಯಲು. 1965ರಲ್ಲಿ ಅದೇ ಗಣಿಯ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಭಾರತ, ಜಪಾನ್, ಬ್ರಿಟನ್ನಿನ ವಿಜ್ಞಾನಿಗಳ ತಂಡಕ್ಕೆ ವಾಯುಮಂಡಲದ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಭೂಮಿಯನ್ನೇ ತೂರಿಹೋಗುವ ಆ ಕಣಗಳಿಗೆ ಬಂಡೆಯೂ ಒಂದೇ, ನಮ್ಮ ಮೈಯೂ ಒಂದೇ. ಈ ಸಾಲು ಓದುತ್ತಿರುವಾಗಲೂ ಅವು ನಮ್ಮನ್ನು ಹಾದುಹೋಗುತ್ತಿವೆ. ಖಗೋಳದ ಅಂಕಣ ಬರೆಯುತ್ತಿದ್ದ ಹುಡುಗ ಲವ್‌ಕ್ರಾಫ್ಟನಿಗೆ ಈ ಸುದ್ದಿ ತಲುಪಿದ್ದರೆ ಅವನು ಇನ್ನೊಂದು ಕಥೆ ಬರೆಯುತ್ತಿದ್ದ, ಗಣಿಯ ತಳದಲ್ಲಿ.

ಆ ಕಥೆ ಕನ್ನಡದಲ್ಲಿ ಹುಟ್ಟಲಿ ಎಂಬುದು ನನ್ನ ಆಸೆ. ಗಣಿ ಬೇಡವೆಂದರೆ ಖಾಡಿಯಿದೆ. ಹೇಳುವವನು ಮಹಾನಗರ ಪಾಲಿಕೆಯ ನೀರಿನ ಇಲಾಖೆಯ ಕಿರಿಯ ಎಂಜಿನಿಯರನಾಗಿರಲಿ, ಕುಮಟೆಯ ಕಡೆಯವನು, ಕಾಂಡ್ಲಾದ ಅಂಚಿನಲ್ಲಿ ಪೈಪು ಪರೀಕ್ಷಿಸಲು ಹೋದವನು. ಅವನ ವರದಿಯ ಭಾಷೆ ಸಪ್ಪೆಯಾಗಿರಲಿ. ದಿನಾಂಕ, ಪೈಪಿನ ಅಳತೆ, ನೀರಿನ ಒತ್ತಡ, ಉಬ್ಬರದ ಹೊತ್ತು ಎಲ್ಲ ಕರಾರುವಾಕ್ಕಾಗಿ ಬರಲಿ, ಒಂದೇ ಒಂದು ಅಂಕಿ ಹೊಂದದೆ ಉಳಿಯಲಿ. ಅವನು ಯಾರ ಜಮೀನನ್ನೂ ನುಂಗಿರಬಾರದು, ಯಾವ ಹರಕೆಯನ್ನೂ ಮರೆತಿರಬಾರದು, ಹೆಂಡತಿಗೆ ಮೋಸ ಮಾಡಿರಬಾರದು. ಅವನ ಅಜ್ಜ ಕೂಡ ಒಳ್ಳೆಯವನಾಗಿರಬೇಕು. ಬರೆಯುವವರಿಗೆ ಇದೇ ಅತ್ಯಂತ ಕಷ್ಟದ ಜಾಗ, ಏಕೆಂದರೆ ಪುಟ ಹತ್ತರ ಹೊತ್ತಿಗೆ ನಮ್ಮ ಕೈ ತಾನಾಗಿಯೇ ಒಂದು ಹಳೆಯ ಪಾಪವನ್ನು ಹುಡುಕಲು ಹೋಗುತ್ತದೆ. ಆ ಕೈಯನ್ನು ತಡೆದು ಹಿಡಿದು ಬರೆದ ಕಥೆ ಯಾರಲ್ಲಾದರೂ ಇದ್ದರೆ, ಓದಲು ನಾನು ಕಾದಿದ್ದೇನೆ.